ಇಪ್ಪತ್ತಮೂರನೇ ಗೂಡು

ರಾಮನಗರ: ಹೊರಡುವ ಮುಂಚೆ

ಹೊರಡಲು ಇನ್ನೂ ಹದಿನೈದು ದಿನ ಇರುವಾಗಲೇ ಏನೇನು ಎಡವಟ್ಟಾಗಬಹುದು ಎಂಬುದರ ಪಟ್ಟಿ ಮಾಡಿ ಮುಗಿಸಿದ್ದೆ. ಪಾಸ್‌ಪೋರ್ಟಿನ ಫೋಟೊ ನನ್ನ ಹಾಗಿಲ್ಲ, ನನ್ನ ಭಾವಮೈದುನನ ಹಾಗಿದೆ. ಅದಕ್ಕೇ ಹಿಡಿದು ಕೂರಿಸಬಹುದು. ವಿಮಾನ ಬೀಳಬಹುದು. ಬೀಳದೆ ಬೇರೆ ಯಾವುದೋ ದೇಶದಲ್ಲಿ ಇಳಿಯಬಹುದು. ಕನಕಪುರದಿಂದ ಅತ್ತೆ ಕಳಿಸಿದ ಹುರಿಹಿಟ್ಟನ್ನು ನೋಡಿ ಇದೇನು ಪುಡಿ ಎಂದು ನಾಯಿ ಬಿಟ್ಟು ಮೂಸಿಸಬಹುದು. ಜಪಾನಿನಲ್ಲಿ ಭೂಮಿ ನಡುಗಬಹುದು. ಅದು ನಡುಗುವ ಹೊತ್ತಿಗೆ ನಾನು ಸ್ನಾನಕ್ಕೆ ಕೂತಿರಬಹುದು. ಹಸಿ ಮೀನು ತಿನ್ನಿಸಬಹುದು. ಜೊತೆಗೆ ಬರುವ ನಂಜುಂಡಿ ನನ್ನನ್ನು ಟೋಕಿಯೋ ಸ್ಟೇಷನ್ನಿನಲ್ಲಿ ಬಿಟ್ಟು ಮಾಯವಾಗಬಹುದು. ನಾವು ನೋಡಲು ಹೊರಟ ಕಂಪನಿ ಬರೀ ಬೋರ್ಡಾಗಿರಬಹುದು. ಮಿಷನ್ನು ಮೋಸದ್ದಿರಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಮಿಷನ್ನು ನಿಜದ್ದಿರಬಹುದು.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ರಾಮನಗರದಲ್ಲಿ ಬಿತ್ತನೆ ಕೋಠಿ ನಡೆಸುವವನು. ಅಂದರೆ ರೇಷ್ಮೆ ಬೆಳೆಯುವ ರೈತರಿಗೆ ಹುಳುವಿನ ಮೊಟ್ಟೆ ತಯಾರಿಸಿ ಕೊಡುವವನು. ಮಾಗಡಿ ತಾಲ್ಲೂಕಿನ ಕಲ್ಯದ ಕಡೆಯಿಂದ ನಮಗೆ ಹಸಿರುಗಟ್ಟಿದ ಹಳದಿ ಬಣ್ಣದ ಮೈಸೂರು ತಳಿಯ ಗೂಡು ಬರುತ್ತದೆ. ಅದರ ಹೆಣ್ಣು ಚಿಟ್ಟೆಗೆ ಬಿಳಿಗೂಡಿನ ತಳಿಯ ಗಂಡು ಚಿಟ್ಟೆಯನ್ನು ಕೂಡಿಸಿ ಮಿಶ್ರತಳಿಯ ಮೊಟ್ಟೆ ತೆಗೆಯುತ್ತೇವೆ. ಚಿಟ್ಟೆ ಹೊರಗೆ ಬರುವ ಮೊದಲೇ ಗಂಡನ್ನೂ ಹೆಣ್ಣನ್ನೂ ಬೇರೆ ಮಾಡದಿದ್ದರೆ ಅವು ತಮ್ಮತಮ್ಮೊಳಗೇ ಕೂಡಿಬಿಡುತ್ತವೆ. ರೈತನಿಗೆ ನಾವು ಹೇಳಿದ್ದು ಒಂದು ಬೆಳೆ, ಅವನ ಮನೆಯಲ್ಲಿ ಏಳುವುದು ಇನ್ನೊಂದು. ಆದ್ದರಿಂದ ಪ್ರತಿ ಗೂಡಿನ ಒಂದು ತುದಿಯನ್ನು ಬ್ಲೇಡಿನಲ್ಲಿ ಕುಯ್ದು, ಒಳಗೆ ಮಲಗಿರುವ ಹುಳುವನ್ನು ಅಂಗೈಗೆ ಹಾಕಿಕೊಂಡು, ಬಾಲದ ಹತ್ತಿರ ಹೊಟ್ಟೆಯ ಕಡೆ ನೋಡಬೇಕು. ಸಣ್ಣ ಗೀರಿದ್ದರೆ ಹೆಣ್ಣು, ಚುಕ್ಕೆ ಇದ್ದರೆ ಗಂಡು. ಕಡಲೆಬೀಜದಷ್ಟು ಹುಳುವಿನ ಮೇಲೆ ಸಾಸಿವೆಗಿಂತ ಸಣ್ಣ ಗುರುತು. ನೋಡಿ ಎರಡು ತಟ್ಟೆಗೆ ಬೇರೆ ಬೇರೆ ಹಾಕಬೇಕು. ನಮ್ಮ ಕೋಠಿಯಲ್ಲಿ ಹನ್ನೆರಡು ಹೆಂಗಸರು ಈ ಕೆಲಸ ಮಾಡುತ್ತಾರೆ. ಅವರಲ್ಲಿ ಹಿರಿಯಳು ಜಯಮ್ಮ. ಕಲ್ಯದಲ್ಲಿ ಹುಟ್ಟಿ, ರಾಮನಗರಕ್ಕೆ ಸೊಸೆಯಾಗಿ ಬಂದು, ನಮ್ಮಪ್ಪನ ಕಾಲದಿಂದ ಆ ಜಗಲಿಯಲ್ಲಿ ಕೂತವಳು. ನನಗೆ ಗಂಡು ಹೆಣ್ಣು ನೋಡಲು ಕಲಿಸಿದವಳೇ ಅವಳು. ನಾನು ಅವಳನ್ನು ಜಯಕ್ಕ ಅನ್ನುತ್ತೇನೆ. ನನಗಿಂತ ಏಳು ವರ್ಷ ದೊಡ್ಡವಳಾದರೂ ಕೋಠಿಯ ಯಜಮಾನನೆಂದು ಅವಳು ನನ್ನನ್ನು ಸ್ವಾಮಣ್ಣ ಅನ್ನುತ್ತಾಳೆ.

ಈ ಜಗಲಿಗೆ ಒಂದು ದಿನ ನಂಜುಂಡಿ ಬಂದ. ನನ್ನ ದೂರದ ಸಂಬಂಧಿ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ಹಾಕಿಕೊಂಡು, ಮಾತ್ರೆ ಕಾರ್ಖಾನೆಗಳಿಗೆ ಬೆಳಕು ಬಿಟ್ಟು ಪರೀಕ್ಷೆ ಮಾಡುವ ಯಂತ್ರ ಕೂರಿಸಿ ಕೊಡುತ್ತಾನೆ. ಪಟ್ಟಿ ಬಿಚ್ಚದೆಯೇ ಒಳಗಿರುವ ಮಾತ್ರೆ ಮುರಿದಿದೆಯೋ, ತೇವ ಹಿಡಿದಿದೆಯೋ ಎಂದು ಅದು ಹೇಳುತ್ತದಂತೆ.

"ಕುಯ್ಯಂಗಿಲ್ಲ, ಮುಟ್ಟಂಗಿಲ್ಲ ಅಣ್ಣೋ. ಈ ಕಡೆಯಿಂದ ಬೆಳಕು ಬುಟ್ರೆ ಆ ಕಡೆ ಹೇಳ್ಬುಡ್ತದೆ, ಒಳಗಿರಾದು ಗಂಡಾ ಹೆಣ್ಣಾ ಅಂತ. ಜಪಾನ್‌ನೋರು ಸೇಬಿಗೆ ಅಂತ ಮಾಡಿರಾ ಮಿಷನ್ನು. ಒಸಿ ತಿದ್ದಿದ್ರೆ ನಮ್ ಗೂಡಿಗೂ ಆಯ್ತದೆ."

ಜಯಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ಬಸುರಿ ಹೊಟ್ಟೆ ಹಿಂಗ್ ನೋಡಿ ಹೇಳಿದ್ರೆ ಜೈಲಿಗ್ ಹಾಕ್ತಾರಲ್ಲ, ಹುಳಕ್ಕೆ ಆ ಕಾನೂನು ಇಲ್ವೇನಪ್ಪಾ?"

ಜಗಲಿಯ ತುಂಬ ನಗು. ನಂಜುಂಡಿಯೂ ನಕ್ಕ. ನಾನು ನಗಲಿಲ್ಲ. ಅವಳು ನಗಿಸಿದ್ದೇ ಹೆದರಿಕೆಗೆ ಎಂದು ನನಗೆ ಅನಿಸಿತು.

ನಾವು ಏಳೆಂಟು ಕೋಠಿಯವರು ಒಟ್ಟಿಗೆ ಕೂತು ಮಾತಾಡಿದೆವು. ಯಾರಾದರೂ ಒಬ್ಬರು ಹೋಗಿ ನೋಡಿ ಬರುವುದು, ಅವರು ಹೌದೆಂದರೆ ಮಿಷನ್ನು ತರಿಸುವುದು, ಬೇಡವೆಂದರೆ ಬಿಡುವುದು ಎಂದಾಯಿತು. "ಪುಟ್ಟಸ್ವಾಮೀನೇ ಹೋಗ್ಲಿ ಬುಡ್ರಪ್ಪ," ಅಂದರು ಒಬ್ಬ ಹಿರಿಯರು. "ಅವನು ಅವನ್ ಮದ್ವೆ ಫೋಟೋದಾಗೆ ನಿಂತಿರಾದು ಅವನೇನಾ ಅಂತ ಅನುಮಾನ ಪಡಾ ಗಿರಾಕಿ. ಅವನ್ನ ಯಾರೂ ಯಾಮಾರ್ಸಕಾಗಕಿಲ್ಲ." ಹೀಗೆ ಅನುಮಾನವೊಂದನ್ನೇ ಅರ್ಹತೆಯಾಗಿಟ್ಟುಕೊಂಡು ಪರದೇಶಕ್ಕೆ ಹೊರಟ ಮೊದಲ ಮನುಷ್ಯ ನಾನೇ ಇರಬೇಕು.

ಜೀವಂತ ಗೂಡನ್ನು ದೇಶದಿಂದ ದೇಶಕ್ಕೆ ಒಯ್ಯುವಂತಿಲ್ಲ. ಅದಕ್ಕೆ ಮೂರು ತಿಂಗಳ ಹಿಂದೆಯೇ ಜಯಮ್ಮ ಕುಯ್ದು, ನೋಡಿ, ಒಳಗಿನ ಹುಳುವನ್ನು ವಾಪಸು ಹಾಕಿ ಕೊಟ್ಟ ಗೂಡುಗಳನ್ನು ಒಣಗಿಸಿ, ಗಂಡು ಒಂದು ಚೀಲ, ಹೆಣ್ಣು ಒಂದು ಚೀಲ ಮಾಡಿ ನಂಜುಂಡಿ ಕೊರಿಯರಿನಲ್ಲಿ ಕಳಿಸಿದ್ದ. ಮಿಷನ್ನಿಗೆ ಪಾಠ ಹೇಳಲು. ನಾನು ಒಯ್ಯಬೇಕಾದದ್ದು ಪರೀಕ್ಷೆಯ ಗೂಡುಗಳು: ನಲವತ್ತು, ಇವೂ ಒಣಗಿದವು. ನಾನೇ ಒಂದೊಂದರ ಮೇಲೂ ಶಾಯಿಯಲ್ಲಿ ಅಂಕಿ ಬರೆದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಜಯಮ್ಮ ನನ್ನನ್ನು ಒಳಗೆ ಕರೆದಳು.

"ಇಪ್ಪತ್ಮೂರ್ನೇದು ನೆಪ್ಪಿಟ್ಕೊ ಸ್ವಾಮಣ್ಣ. ಒಣಗ್ಸಾದ್ಕಿಂತ ಮೊದ್ಲೇ ಮಾಡಿದ್ದೀನಿ. ಗೂಡು ಹೆಣ್ಣಿಂದು, ದಪ್ಪಕ್ಕೈತೆ. ಒಳಗಡೆ ಕೂರ್ಸಿರಾದು ಗಂಡು. ಅದು ದಪ್ಪ ನೋಡ್ಕಂಡು ಹೇಳಾ ಮಿಷನ್ ಆದ್ರೆ ಹೆಣ್ಣು ಅಂತದೆ. ಆಗ ಹಿಡ್ಕೊ ಜುಟ್ಟು."

ನಾನೇ ಮೈದಾ ಅಂಟು ಕಾಯಿಸಿ ಆ ಗೂಡಿನ ತುದಿಯನ್ನು ಮುಚ್ಚಿದೆ. ಉಳಿದವಕ್ಕೆ ಬ್ಲೇಡು ತಾಗಿರಲಿಲ್ಲ.

"ಅದು ನಿಜವಾಗ್ಲೂ ಒಳಗ್ ನೋಡಿ ಹೇಳಾದೇ ಆದ್ರೆ ಜಯಕ್ಕ?"

ಅವಳು ಸ್ವಲ್ಪ ಹೊತ್ತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಳುತ್ತಿರಲಿಲ್ಲ, ಇತ್ತೀಚೆಗೆ ಅವಳಿಗೆ ಅದೊಂದು ಅಭ್ಯಾಸವಾಗಿತ್ತು. "ಆದ್ರೆ ಆತು ಅಂತ್ಲೇ ಬಂದ್ ಹೇಳು. ನಮ್ಮ್ ಮುಖ ನೋಡ್ಕಂಡು ಸುಳ್ಳು ಹೇಳ್ಬ್ಯಾಡ. ನಾವು ಹನ್ನೆರಡ್ ಜನ ಎಲ್ಗೋಗಾದು ಅಂತ ಮುಂಚೇನೇ ನೋಡ್ಕಬೇಕಲ್ಲ."

ವಿಮಾನ ನಿಲ್ದಾಣಗಳು

ನನ್ನ ಭಾವಮೈದುನನ ಮುಖದ ಪಾಸ್‌ಪೋರ್ಟನ್ನು ಬೆಂಗಳೂರಿನಲ್ಲಿ ಯಾರೂ ತಿರುಗಿಸಿ ನೋಡಲಿಲ್ಲ. ಇದು ನನಗೆ ಸಮಾಧಾನ ತರಲಿಲ್ಲ. ಇಷ್ಟು ಸಲೀಸಾಗಿ ಬಿಡುತ್ತಾರೆಂದರೆ ಮುಂದೆ ಎಲ್ಲೋ ಹಿಡಿಯಲು ಏರ್ಪಾಡು ಮಾಡಿದ್ದಾರೆ ಎಂದೇ ನಂಬಿದೆ. ಸಿಂಗಪುರದಲ್ಲಿ ವಿಮಾನ ಬದಲಿಸುವಾಗ ನಂಜುಂಡಿ ಕಾಫಿ ತರುತ್ತೇನೆಂದು ಹೋದ. ಇಪ್ಪತ್ತು ನಿಮಿಷ ಬರಲಿಲ್ಲ. ಹೋದ, ಅಂದುಕೊಂಡೆ. ಟಿಕೆಟ್ಟು ನನ್ನ ಜೇಬಿನಲ್ಲೇ ಇದೆಯೇ ಎಂದು ಮೂರು ಸಲ ಮುಟ್ಟಿ ನೋಡಿಕೊಂಡೆ.

ಅವನು ಎರಡು ಲೋಟ ಹಿಡಿದು ಬಂದ. "ಯಾಕಣ್ಣೋ, ಮುಖ ಇಂಗಾಗೈತೆ?"

"ಏನಿಲ್ಲ ಕಣ್ಲಾ. ಕಾಫಿ ತಣ್ಣಗಾಯ್ತದೇನೋ ಅಂತ."

ಜಪಾನಿನ ಕಸ್ಟಮ್ಸ್‌ನಲ್ಲಿ ಹುರಿಹಿಟ್ಟಿನ ಡಬ್ಬಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅವರ ಕಣ್ಣು ಬಿದ್ದದ್ದು ಉಡುಗೊರೆಗೆಂದು ನಾನು ತಂದಿದ್ದ ಚನ್ನಪಟ್ಟಣದ ಮರದ ಗೊಂಬೆಯ ಮೇಲೆ. ಕುತ್ತಿಗೆಗೆ ಸ್ಪ್ರಿಂಗು ಇರುವ, ತಲೆ ಆಡಿಸುವ ಗೊಂಬೆ. ಅಧಿಕಾರಿ ಅದರ ನೆತ್ತಿಯನ್ನು ಬೆರಳಿನಿಂದ ಒತ್ತಿದ. ಗೊಂಬೆ ಬಗ್ಗಿ ಬಗ್ಗಿ ವಂದಿಸಿತು. ಅಭ್ಯಾಸಬಲದಿಂದ ಅವನೂ ಒಂದು ಸಲ ಬಗ್ಗಿದ. ಆಮೇಲೆ ಗೂಡಿನ ಪೆಟ್ಟಿಗೆ ತೆರೆದು, ಒಳಗಿನಿಂದ ಒಬ್ಬ ವಯಸ್ಸಾದವನನ್ನು ಕರೆದ. ಬಂತು ನೋಡು ಅಂದುಕೊಂಡೆ.

ಆ ಮುದುಕ ಕಂಪನಿಯ ಕಾಗದ ಓದಿದ. ಒಂದು ಗೂಡನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ನಮ್ಮ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಖರೀದಿದಾರರು ಹಾಗೆಯೇ ಅಲ್ಲಾಡಿಸಿ ಒಳಗಿನ ಹುಳು ಗಟ್ಟಿಯಾಗಿದೆಯೋ ಕರಗಿದೆಯೋ ನೋಡುತ್ತಾರೆ. ಇವನಿಗೆ ಯಾರು ಹೇಳಿಕೊಟ್ಟರು? ನನ್ನ ಗಾಬರಿ ನೋಡಿ ಅವನೇ ತುಂಡು ಇಂಗ್ಲಿಷಿನಲ್ಲಿ ಹೇಳಿದ: ಅವನ ಅಜ್ಜಿಯ ಮನೆ ತುಂಬ ಇವೇ ಇದ್ದವಂತೆ, ಮಲಗಲು ಜಾಗವಿಲ್ಲದಷ್ಟು. ಗೂಡನ್ನು ಎರಡು ಕೈಯಲ್ಲಿ ವಾಪಸು ಇಟ್ಟು ಪೆಟ್ಟಿಗೆ ಮುಚ್ಚಿದ.

ನಮ್ಮ ಕಡೆ ಅಧಿಕಾರಿಯೊಬ್ಬ ಇಷ್ಟು ನಯವಾಗಿ ಮಾತಾಡಿದರೆ ಮುಂದಿನ ಮಾತು ಏನೆಂದು ಎಲ್ಲರಿಗೂ ಗೊತ್ತು. ನಾನು ಆ ಮುಂದಿನ ಮಾತಿಗೆ ಕಾಯುತ್ತ ನಿಂತೇ ಇದ್ದೆ. ನಂಜುಂಡಿ ತೋಳು ಹಿಡಿದು ಎಳೆದುಕೊಂಡು ಹೋದ.

ಸೇಬಿನ ಊರು: ಮೊದಲ ದಿನ

ಟೋಕಿಯೋದಿಂದ ರೈಲಿನಲ್ಲಿ ನಗಾನೊ ಪ್ರಾಂತ್ಯದ ಒಂದು ಸಣ್ಣ ಪಟ್ಟಣ. ಸುತ್ತ ಬೆಟ್ಟ. ನಮ್ಮವು ಬರೀ ಕಲ್ಲಿನ ಬೆಟ್ಟ, ಬಿಸಿಲಿಗೆ ಕಾದು ಸಂಜೆಯವರೆಗೂ ಝಳ ಹೊಡೆಯುತ್ತವೆ. ಅಲ್ಲಿಯವುಗಳ ತಲೆಯ ಮೇಲೆ ಹಿಮ. ರಸ್ತೆಯ ಎರಡೂ ಕಡೆ ಸೇಬಿನ ತೋಟ. ಬೇಲಿ ಇಲ್ಲ, ಕಾವಲಿಲ್ಲ. ಹಣ್ಣು ರಸ್ತೆಗೇ ಬಾಗಿದೆ, ಒಬ್ಬರೂ ಕೀಳುವುದಿಲ್ಲ. ವಿಷ ಹೊಡೆದಿರಬೇಕು ಎಂದು ನಂಜುಂಡಿಗೆ ಹೇಳಿದೆ.

ರಾಮನಗರಕ್ಕೆ ಬರುವವರಿಗೆ ಊರು ಕಾಣುವ ಮೊದಲೇ ಗೂಡು ಬೇಯಿಸುವ ವಾಸನೆ ಮೂಗಿಗೆ ಸಿಕ್ಕಿರುತ್ತದೆ. ಈ ಊರಿಗೆ ವಾಸನೆಯೇ ಇರಲಿಲ್ಲ. ಕಾರ್ಖಾನೆಗಳ ಪಕ್ಕದಲ್ಲೇ ಹೊಳೆ, ಅದರಲ್ಲಿ ತಳದ ಕಲ್ಲು ಕಾಣುತ್ತಿತ್ತು. ಕಾರ್ಖಾನೆ ನೀರಿಗೆ ನೊರೆಗಟ್ಟುವ ನಮ್ಮ ಬೈರಮಂಗಲದ ಕೆರೆ ನೋಡಿ ಬೆಳೆದ ಕಣ್ಣು ನಂಬೀತೇ? ಕಾರ್ಖಾನೆಯ ನೀರು ಇನ್ನೆಲ್ಲೋ ಗುಟ್ಟಾಗಿ ಹೋಗುತ್ತಿರಬೇಕೆಂದು ಸೇತುವೆಯ ಮೇಲಿಂದ ಬಗ್ಗಿ ಎರಡೂ ಕಡೆ ಕೊಳವೆ ಹುಡುಕಿದೆ. ಸಿಗಲಿಲ್ಲ. ಚೆನ್ನಾಗಿ ಮುಚ್ಚಿದ್ದಾರೆ ಎಂದುಕೊಂಡೆ.

ಕಂಪನಿ ಬರೀ ಬೋರ್ಡಾಗಿರಲಿಲ್ಲ. ನಿಜ ಹೇಳಬೇಕೆಂದರೆ ಬೋರ್ಡೇ ಕಾಣುವಂತಿರಲಿಲ್ಲ. ಎರಡು ಅಂತಸ್ತಿನ ತಗಡಿನ ಕಟ್ಟಡ, ಥೇಟ್ ಹಾರೋಹಳ್ಳಿಯ ಶೆಡ್ಡು. ಅಲ್ಲಿನ ಎಂಜಿನಿಯರ್ ಓನೊ ಬಾಗಿಲಲ್ಲೇ ನಿಂತಿದ್ದ. ಮೂವತ್ತೈದರ ಆಸುಪಾಸು, ತೆಳ್ಳಗೆ, ನಮ್ಮಷ್ಟೇ ಕಷ್ಟಪಟ್ಟು ಇಂಗ್ಲಿಷ್ ಆಡುವವನು. ಎರಡು ಕೈಯಲ್ಲಿ ತನ್ನ ಕಾರ್ಡು ಕೊಟ್ಟ. ನಾನು ಅದನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿ ಕುರ್ಚಿಯಲ್ಲಿ ಕೂತೆ.

ನಂಜುಂಡಿ ಪಕ್ಕದಿಂದ ಪಿಸುಗುಟ್ಟಿದ. "ಅಣ್ಣೋ, ಅವರ ಹೆಸರಿನ ಮ್ಯಾಲೆ ಕೂತ್ಬುಟ್ಯಲ್ಲಣ್ಣ! ಈಚೆ ತೆಗಿ, ಮೇಜಿನ ಮ್ಯಾಲಿಕ್ಕು."

ತೆಗೆದಿಟ್ಟೆ. ಕಾರ್ಡು ನನ್ನ ಆಕಾರಕ್ಕೆ ಬಾಗಿತ್ತು. ಓನೊ ಅದನ್ನು ನೋಡಿಯೂ ನೋಡಲಿಲ್ಲ. ಅವರು ಅನೇಕ ಸಂಗತಿಗಳನ್ನು ಹೀಗೆ ನೋಡಿಯೂ ನೋಡದೆ ಬಿಡಬಲ್ಲರು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಗೊಂಬೆ ಕೊಟ್ಟೆ. ಓನೊ ಬಗ್ಗಿದ, ಗೊಂಬೆ ಬಗ್ಗಿತು, ಓನೊ ಮತ್ತೆ ಬಗ್ಗಿದ. ಮೊದಲು ನಿಲ್ಲಿಸಿದ್ದು ಗೊಂಬೆ.

ಅಂದು ಸಂಜೆ ಛತ್ರದಂಥ ಹೋಟೆಲಿನಲ್ಲಿ, ಕಕ್ಕಸಿಗೆಂದೇ ಬೇರೆ ಇಟ್ಟಿದ್ದ ಚಪ್ಪಲಿಯನ್ನು ಮೆಟ್ಟಿಕೊಂಡು ಊಟದ ಕೋಣೆಗೆ ಬಂದೆ. ಎಲ್ಲರೂ ನನ್ನ ಕಾಲು ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದಕ್ಕೇ ಆ ಚಪ್ಪಲಿ ಊಟ ಮುಗಿಯುವವರೆಗೂ ನನ್ನ ಕಾಲಲ್ಲೇ ಉಳಿಯಿತು. ನಮ್ಮೂರಾಗಿದ್ದರೆ ಬಾಗಿಲಲ್ಲೇ ಉಗಿದು ಕಳಿಸುತ್ತಿದ್ದರು, ಒಂದೇ ನಿಮಿಷದಲ್ಲಿ ಮುಗಿಯುತ್ತಿತ್ತು.

ಎರಡನೇ ದಿನ: ಸೇಬಿನ ಶೆಡ್ಡು

ಮೊದಲು ಮಿಷನ್ನಿನ ಹುಟ್ಟೂರು ನೋಡಿ ಎಂದು ಓನೊ ನಮ್ಮನ್ನು ಸೇಬು ವಿಂಗಡಿಸುವ ಶೆಡ್ಡಿಗೆ ಕರೆದೊಯ್ದ. ಓಡುವ ರಬ್ಬರ್ ಪಟ್ಟಿಯ ಮೇಲೆ ಸೇಬುಗಳು ಒಂದೊಂದು ಬಟ್ಟಲಲ್ಲಿ ಕೂತು ಸಾಲಾಗಿ ಬರುತ್ತವೆ. ಒಂದು ಪುಟ್ಟ ಸುರಂಗದೊಳಗೆ ಹೋಗುತ್ತವೆ. ಒಂದು ಕಡೆಯಿಂದ ದೀಪ, ಇನ್ನೊಂದು ಕಡೆ ಅದನ್ನು ಹಿಡಿಯುವ ಕಣ್ಣು. ಹೊರಬರುವಷ್ಟರಲ್ಲಿ ಯಾವುದು ಸಿಹಿ, ಯಾವುದರ ಎದೆ ಒಳಗೇ ಕಂದಾಗಿದೆ ಎಂದು ತೀರ್ಮಾನವಾಗಿ ಬೇರೆ ಬೇರೆ ಪೆಟ್ಟಿಗೆಗೆ ಉರುಳುತ್ತವೆ. ಸಿಪ್ಪೆಗೆ ಒಂದು ಉಗುರಿನ ಗುರುತೂ ಇಲ್ಲ.

ಕೆಟ್ಟದ್ದೆಂದು ತಳ್ಳಿದ ಐದು ಹಣ್ಣು ಆರಿಸಿ ಕುಯ್ಯಿಸಿದೆ. ಹೊರಗೆ ಕನ್ನಡಿಯಂತೆ ಹೊಳೆಯುತ್ತಿದ್ದವು. ಐದೂ ಒಳಗೆ ಕಂದು. ಇದು ಸುರಂಗದ ಮಹಿಮೆಯಲ್ಲ, ಕೆಳಗೆ ತಕ್ಕಡಿ ಇಟ್ಟಿರಬೇಕು, ತೂಕ ನೋಡಿ ಹೇಳುತ್ತಿದೆ ಎಂದು ನನಗೆ ಹೊಳೆಯಿತು. ಮಂಡಿಯೂರಿ, ಆಮೇಲೆ ಅಂಗಾತ ಮಲಗಿ, ಯಂತ್ರದ ಕೆಳಗೆ ತಲೆ ತೂರಿಸಿದೆ.

"ಅಣ್ಣೋ, ಎದ್ದೇಳಣ್ಣ, ಮಾನ ಹೋಯ್ತದೆ!" ನಂಜುಂಡಿ ನನ್ನ ಕಾಲು ಹಿಡಿದು ಎಳೆಯತೊಡಗಿದ. "ಅವರು ಏನಂದ್ಕತರೆ?"

"ನಿಂಗೇನ್ಲಾ ಗೊತ್ತು, ಸುಮ್ಕಿರು."

ಕೆಳಗೆ ಬರೀ ವೈರು. ತಲೆ ಹೊರಗೆ ತೆಗೆದಾಗ ನನ್ನ ಎದುರಿಗೆ ಇನ್ನೊಂದು ತಲೆ: ನರೆತ ಕೂದಲಿಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸು, ಏನು ಕಳೆದುಕೊಂಡಿದ್ದೇನೆಂದು ನನ್ನ ಜೊತೆ ಹುಡುಕಲು ಬಗ್ಗಿದ್ದಳು. ಅವಳೇ ಹಿರಾಯಿ ಸಾನ್; ಸಾನ್ ಅಂದರೆ ನಮ್ಮಲ್ಲಿ ಹೆಸರಿನ ಮುಂದೆ 'ಅವರು' ಅಂದ ಹಾಗೆ. ಆ ಶೆಡ್ಡಿನ ಅತ್ಯಂತ ಹಳೆಯ ಕೆಲಸಗಾರ್ತಿ.

ಯಂತ್ರ ಬರುವ ಮೊದಲು ಹಿರಾಯಿ ಸಾನ್ ಉಗುರಿನಿಂದ ಸೇಬನ್ನು ಟಕ್ಕೆಂದು ಹೊಡೆದು, ಸದ್ದು ಕೇಳಿ ವಿಂಗಡಿಸುತ್ತಿದ್ದಳಂತೆ. ಅಂಥವರು ಹದಿನೆಂಟು ಮಂದಿ ಇದ್ದರು. ಈಗ ನಾಲ್ವರು. ಉಳಿದವರು ಎಲ್ಲಿ ಎಂದು ಕೇಳಿದೆ. ಓನೊ ಆ ಪ್ರಶ್ನೆಯನ್ನು ಅವಳಿಗೆ ತಿಳಿಸಲು ಸ್ವಲ್ಪ ಹಿಂಜರಿದ. ಅವಳು ನೇರವಾಗಿ ಉತ್ತರ ಕೊಟ್ಟಳು, ಅವನು ಇಂಗ್ಲಿಷಿಗೆ ತಂದ: ಕೆಲವರು ಬುತ್ತಿ ಕಟ್ಟುವ ಕಾರ್ಖಾನೆಗೆ ಹೋದರು, ಕೆಲವರು ಮನೆಯಲ್ಲಿ ಕೂತರು, ಒಬ್ಬಳು ಯಾರಿಗೂ ಹೇಳದೆ ಊರು ಬಿಟ್ಟಳು. ಹದಿನೆಂಟರ ಜಾಗದಲ್ಲಿ ಹನ್ನೆರಡನ್ನು ಇಟ್ಟು ನಾನು ಮನಸ್ಸಿನಲ್ಲೇ ಭಾಗಾಕಾರ ಮಾಡಿದೆ. ಉತ್ತರ ಎರಡೂಮುಕ್ಕಾಲರ ಹತ್ತಿರ ಬಂತು. ಮುಕ್ಕಾಲು ಹೆಂಗಸು ಯಾರಾಗಬೇಕು?

"ಇವರನ್ನು ಯಾಕೆ ಉಳಿಸಿಕೊಂಡಿರಿ?"

ಓನೊ ಹಿರಾಯಿ ಸಾನ್‌ಳ ಮೇಜು ತೋರಿಸಿದ. ಒಂದು ಚಾಕು, ರಸ ಹಿಂಡಿ ಸಿಹಿ ಅಳೆಯುವ ಒಂದು ಸಣ್ಣ ಕೊಳವೆ, ಒಂದು ನೋಟ್ ಪುಸ್ತಕ. ಪ್ರತಿದಿನ ಬೆಳಿಗ್ಗೆ ಅವಳು ಯಂತ್ರ ನೋಡಿದ ಕೆಲವು ಹಣ್ಣುಗಳನ್ನು ಕುಯ್ದು, ತಿಂದು, ಅಳೆದು, ಅದು ಹೇಳಿದ್ದು ಸರಿಯೇ ಎಂದು ಬರೆಯುತ್ತಾಳೆ. ತಪ್ಪಿದ್ದರೆ ಓನೊ ತಿದ್ದುತ್ತಾನೆ. "ಯಂತ್ರಕ್ಕೆ ಏನೂ ಗೊತ್ತಿಲ್ಲ," ಅಂದ ಅವನು. "ಹಿರಾಯಿ ಸಾನ್ ಹೇಳಿದ್ದನ್ನೇ ಬೇಗ ಬೇಗ ಹೇಳುತ್ತದೆ, ಅಷ್ಟೆ."

ಕುಯ್ಯದ ಮಿಷನ್ನಿಗೆ ಕುಯ್ಯುವವರು ಬೇಕು. ಇಲ್ಲಿಗೆ ಬಂದ ಮೇಲೆ ನನಗೆ ನಂಬಬಹುದು ಅನಿಸಿದ ಮೊದಲ ಮಾತು ಇದು. ಆದ್ದರಿಂದ ಇನ್ನಷ್ಟು ಎಚ್ಚರವಾದೆ.

ಮೂರನೇ ದಿನ: ಪರೀಕ್ಷೆ

ಗೂಡಿಗೆಂದು ಮಾಡಿದ ಯಂತ್ರ ಮೇಜಿನ ಮೇಲೆ ಕೂರುವಷ್ಟೇ ಇತ್ತು. ಹಿರಾಯಿ ಸಾನ್ ಕೂಡ ಬಂದಿದ್ದಳು. ಅವಳ ತೌರುಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರಂತೆ. ನಾವು ಮೊದಲು ಕಳಿಸಿದ್ದ ಗೂಡುಗಳನ್ನು ಬಿಚ್ಚಿ, ಮತ್ತೊಮ್ಮೆ ನೋಡಿ, ಗಂಡು ಹೆಣ್ಣು ಹೇಳಿ ಯಂತ್ರಕ್ಕೆ ಪಾಠ ಮಾಡಿದವಳೂ ಅವಳೇ. ನನ್ನ ಪೆಟ್ಟಿಗೆ ತೆರೆದಾಗ ಬಗ್ಗಿ ಮೂಸಿದಳು. ಆ ಊರಿನಲ್ಲಿ ವಾಸನೆ ಇದ್ದದ್ದು ನನ್ನ ಪೆಟ್ಟಿಗೆಗೆ ಮಾತ್ರ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಮೂಸಿದಳು.

ಶುರು ಮಾಡುವ ಮೊದಲು ಓನೊ ಒಂದು ಟಾರ್ಚನ್ನು ನನ್ನ ಅಂಗೈ ಕೆಳಗೆ ಹಿಡಿದ. ಬೆರಳುಗಳು ಕೆಂಪಗೆ ಹೊಳೆದವು. ಚಿಕ್ಕಂದಿನಲ್ಲಿ ಕರೆಂಟು ಹೋದಾಗ ನಾವೆಲ್ಲ ಆಡಿದ ಆಟ. "ಇಷ್ಟೇ ವಿದ್ಯೆ," ಅಂದ. ಒಳಗೆ ನೀರಿದ್ದರೆ, ಸಕ್ಕರೆಯಿದ್ದರೆ, ರಕ್ತವಿದ್ದರೆ ಬೆಳಕು ಬೇರೆ ಬೇರೆ ರೀತಿ ಸೋರುತ್ತದೆ. ಕಾಳಿನ ತೇವ ನೋಡಲು, ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಲು, ಸೇಬಿಗೆ, ಮಾತ್ರೆಗೆ, ಎಲ್ಲದಕ್ಕೂ ಇದೇ. ಆಸ್ಪತ್ರೆಯಲ್ಲಿ ನಮ್ಮಪ್ಪನ ಬೆರಳಿಗೆ ಹಾಕಿದ್ದ ಕೆಂಪು ದೀಪದ ಕ್ಲಿಪ್ಪು ನನಗೆ ನೆನಪಾಯಿತು. ಇದೇನು ಕರೆಂಟು ಹೊಡೆಯುತ್ತದೆಯೋ ಎಂದು ಅದನ್ನು ನಾನು ಎರಡು ಸಲ ಕಿತ್ತು ಹಾಕಿದ್ದೆ.

ಗೂಡುಗಳು ಒಂದೊಂದಾಗಿ ಹೋದವು. ಪರದೆಯ ಮೇಲೆ ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು. ಕುಯ್ದು ನೋಡುವುದು ಕೊನೆಗೆ ಎಂದು ಮಾತಾಗಿತ್ತು. ನಾನು ಎಣಿಸುತ್ತ ಕೂತೆ. ಇಪ್ಪತ್ತು. ಇಪ್ಪತ್ತೊಂದು. ನನ್ನ ಎದೆ ಬಡಿತ ಆ ಕೆಂಪು ಕ್ಲಿಪ್ಪಿಗೆ ಸಿಕ್ಕಿದ್ದರೆ ಅದು ಸುಟ್ಟುಹೋಗುತ್ತಿತ್ತು.

ಇಪ್ಪತ್ತಮೂರು. ಕೆಂಪು. ಹೆಣ್ಣು.

ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. "ಸಿಕ್ತು ಕಣ್ಲಾ ನಂಜುಂಡಿ! ಜುಟ್ಟು ಸಿಕ್ತು! ದಪ್ಪ ನೋಡ್ಕಂಡು ಹೇಳ್ತಾ ಐತೆ ಕಣ್ಲಾ!" ಎಂದು ಮೊದಲು ಕನ್ನಡದಲ್ಲೂ ಆಮೇಲೆ ಸಾವಧಾನವಾಗಿ ಇಂಗ್ಲಿಷಿನಲ್ಲೂ ಹೇಳಿದೆ. ಅದರೊಳಗೆ ಇರುವುದು ಗಂಡು, ನಮ್ಮ ಜಯಮ್ಮ ತನ್ನ ಕೈಯಾರೆ ಇಟ್ಟದ್ದು, ಅವಳು ಮೂವತ್ತು ವರ್ಷದಲ್ಲಿ ಒಂದು ತಪ್ಪು ಮಾಡಿದವಳಲ್ಲ ಎಂದು ಭಾಷಣ ಮಾಡಿದೆ. ನಾನು ಬದುಕಿನಲ್ಲಿ ಅಷ್ಟು ಸಂತೋಷಪಟ್ಟ ಸಂದರ್ಭ ಕಡಿಮೆ. ಹನ್ನೆರಡು ಹೆಂಗಸರ ಅನ್ನ ಉಳಿದಿತ್ತು, ಅದೂ ನನ್ನ ಅನುಮಾನದಿಂದ.

ಓನೊ ಗೂಡನ್ನು ನನ್ನ ಕೈಗೆ ಕೊಟ್ಟ. ನಾನೇ ಅಂಟು ಬಿಡಿಸಿ ಹುಳುವನ್ನು ಹಿರಾಯಿ ಸಾನ್‌ಳ ಅಂಗೈಗೆ ಹಾಕಿದೆ. ಅವಳು ಭೂತಗನ್ನಡಿಯಲ್ಲಿ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಹುಳು ನೋಡಿದಳು. ಆಮೇಲೆ ತುಂಬ ಮೆಲ್ಲಗೆ ಒಂದು ಪದ ಹೇಳಿದಳು. ಅನುವಾದ ಬೇಕಾಗಲಿಲ್ಲ.

ಭೂತಗನ್ನಡಿ ಕಿತ್ತುಕೊಂಡೆ. ಒಣಗಿ ಸುಕ್ಕಾಗಿದ್ದರೂ ಕಾಣುತ್ತಿತ್ತು. ಚುಕ್ಕೆಯಲ್ಲ, ಗೀರು. ಹೆಣ್ಣು.

ಗೂಡು ಬದಲಾಯಿಸಿದ್ದಾರೆ ಎನ್ನಲು ಬಾಯಿ ತೆರೆದೆ. ಅಂಕಿ ನಾನೇ ಬರೆದದ್ದು. ಅಂಟು ನಾನೇ ಕಾಯಿಸಿ ಬಳಿದದ್ದು, ಅದರಲ್ಲಿ ನನ್ನ ಹೆಬ್ಬೆರಳಿನ ಗುರುತು ಹಾಗೇ ಇತ್ತು. ಪೆಟ್ಟಿಗೆಯನ್ನು ನಾನು ಸ್ನಾನಕ್ಕೂ ಜೊತೆಗೇ ಒಯ್ದಿದ್ದೆ. ಬಾಯಿ ಮುಚ್ಚಿದೆ.

ಆಗ ಒಂದೊಂದಾಗಿ ನೆನಪಿಗೆ ಬಂದವು. ಜಯಮ್ಮ ತನ್ನ ಮಣೆಯನ್ನು ಈಚೆಗೆ ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಿದ್ದು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವ ಅಭ್ಯಾಸ. ನೋಡುವುದಕ್ಕಿಂತ ಹೆಚ್ಚಾಗಿ ಹುಳುವನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದದ್ದು. ಹೋದ ಬೆಳೆಯಲ್ಲಿ ಕಲ್ಯದ ಕಡೆಯ ಒಬ್ಬ ರೈತ ಮಿಶ್ರತಳಿ ಸರಿಯಾಗಿ ಬಂದಿಲ್ಲ ಎಂದು ಜಗಳಕ್ಕೆ ಬಂದಿದ್ದ. ಅವನ ಮೇಲೆ ಅನುಮಾನಪಟ್ಟು ಬೈದು ಕಳಿಸಿದ್ದೆ. ಪಾಸ್‌ಪೋರ್ಟು, ವಿಮಾನ, ನಂಜುಂಡಿ, ಹೊಳೆ, ಸೇಬು ಎಲ್ಲದರ ಮೇಲೂ ಅನುಮಾನಪಟ್ಟವನು ನನ್ನ ಜಗಲಿಯ ಕಡೆ ತಿರುಗಿ ನೋಡಿರಲಿಲ್ಲ.

ಓನೊ ಬಹಳ ಸಂಕೋಚದಿಂದ ಒಂದು ನೋಟ್ ಪುಸ್ತಕ ತೆರೆದ. ಮೂರು ತಿಂಗಳ ಹಿಂದೆ ನಾವು ಕಳಿಸಿದ ಗಂಡಿನ ಚೀಲದಲ್ಲಿ ಹಿರಾಯಿ ಸಾನ್‌ಗೆ ಕೆಲವು ಹೆಣ್ಣು ಸಿಕ್ಕಿದ್ದವು. ಎಲ್ಲಕ್ಕೂ ಗುರುತು ಹಾಕಿ ಇಟ್ಟಿದ್ದರು.

"ಯಾಕೆ ಹೇಳಲಿಲ್ಲ?" ಎಂದೆ.

"ದೂರದ ಅತಿಥಿಗಳು. ನಿಮ್ಮ ಕಡೆಯ ಅನುಭವಸ್ಥರು ನೋಡಿದ್ದು. ನಮ್ಮದೇ ತಪ್ಪಿರಬಹುದು ಅಂದುಕೊಂಡೆವು," ಅಂದ. ಚಪ್ಪಲಿಯ ವಿಷಯದಲ್ಲೂ ಅವರು ಹಾಗೇ ಅಂದುಕೊಂಡಿರಬೇಕು.

ಉಳಿದ ಗೂಡುಗಳನ್ನೂ ಕುಯ್ದು ನೋಡಿದೆವು. ನಲವತ್ತರಲ್ಲಿ ಯಂತ್ರ ಎರಡು ತಪ್ಪಿತು. ಇಪ್ಪತ್ತಮೂರರ ಹುಳುವನ್ನು ಕಾಗದದಲ್ಲಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಹೊರಡುವಾಗ ಹಿರಾಯಿ ಸಾನ್ ತನ್ನ ಕಣ್ಣಿನ ಕಡೆ ಬೆರಳು ತೋರಿಸಿ, ಆಮೇಲೆ ನಾನು ಬಂದ ದಿಕ್ಕಿನ ಕಡೆ ತೋರಿಸಿ ಏನೋ ಹೇಳಿದಳು. ಓನೊ ಅದನ್ನು ಇಂಗ್ಲಿಷಿಗೆ ತರಲಿಲ್ಲ. ನಾನೂ ಕೇಳಲಿಲ್ಲ.

ಮತ್ತೆ ರಾಮನಗರ

ಕೋಠಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಿಷನ್ನು ನಿಜ. ಒಣಗಿದ ಗೂಡಿನಲ್ಲಿ ಎರಡು ತಪ್ಪಿತು; ಜೀವಂತ ಗೂಡಿನಲ್ಲಿ ಏನು ಮಾಡೀತೋ ಇಲ್ಲೇ ನೋಡಬೇಕು. ಒಂದು ಬೆಳೆಯ ಮಟ್ಟಿಗೆ ನನ್ನ ಕೋಠಿಯಲ್ಲಿ ಇಡೋಣ. ಅದಕ್ಕೆ ಪಾಠ ಹೇಳುವವರು ನಮ್ಮ ಹೆಂಗಸರೇ ಆಗಬೇಕು. ಅಲ್ಲಿ ಹದಿನೆಂಟು ಇದ್ದವರು ನಾಲ್ಕಾದರು ಎಂಬುದನ್ನೂ ಮುಚ್ಚಿಡಲಿಲ್ಲ. "ನೀನೇ ಹೌದು ಅಂದ್ಮ್ಯಾಲೆ ಮುಗೀತು ಬುಡು," ಅಂದರು ಆ ಹಿರಿಯರು, ಸ್ವಲ್ಪ ನಿರಾಶೆಯಿಂದ.

ಜಯಮ್ಮ ಜಗಲಿಯಲ್ಲಿ ಕಿಟಕಿಯ ಹತ್ತಿರ ಕೂತಿದ್ದಳು. ಉಳಿದವರು ಊಟಕ್ಕೆ ಎದ್ದಿದ್ದರು.

"ಸಿಕ್ತಾ ಜುಟ್ಟು?"

ಜೇಬಿನಿಂದ ಕಾಗದ ತೆಗೆದು ಬಿಚ್ಚಿದೆ. ಹೇಗೆ ಹೇಳುವುದೆಂದು ವಿಮಾನದಲ್ಲಿ ನಾಲ್ಕು ರೀತಿ ಅಭ್ಯಾಸ ಮಾಡಿದ್ದೆ. ನಾಲ್ಕೂ ಮರೆತುಹೋದವು. "ಇಪ್ಪತ್ಮೂರ್ನೇದು ಹೆಣ್ಣು ಜಯಕ್ಕ," ಎಂದೆ.

ಅವಳು ಹುಳುವನ್ನು ತೆಗೆದುಕೊಂಡು ಅಂಗೈಯಲ್ಲಿ ತೂಗಿದಳು. ನೋಡಲು ಹೋಗಲೇ ಇಲ್ಲ.

"ಹಗೂರ ಇತ್ತು ಸ್ವಾಮಣ್ಣ. ಬಡಕಲು ಹೆಣ್ಣು ಇರ್ಬೇಕು. ನಾನು ತೂಕದ ಮ್ಯಾಲೆ ಗಂಡು ಅಂದ್ಬುಟ್ಟೆ." ಹುಳುವನ್ನು ಕಾಗದಕ್ಕೆ ವಾಪಸು ಹಾಕಿದಳು. "ಎಲ್ಡ್ ವರ್ಸ ಆತು. ಮಂಜು ಕವ್ಕಂಡಂಗೆ ಐತೆ. ಚುಕ್ಕೇನೂ ಒಂದೇ, ಗೀರೂ ಒಂದೇ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಿಷನ್ ಬರಕ್ ಮುಂಚೇನೇ ಮನೇಲ್ ಕೂರ್ಬೇಕಿತ್ತು. ರತ್ನ ದಿನಾ ನನ್ ತಟ್ಟೆ ಇನ್ನೊಂದ್ ಸಲ ನೋಡಿ ಸರಿ ಮಾಡ್ತಿದ್ಲು, ಜಪಾನಿಗ್ ಕಳ್ಸಿದ್ದು ಒಂದ್ ಅವಳ್ ಕೈಗೆ ಹೋಗ್ಲಿಲ್ಲ, ಅವಳಿಗೆ ಬೈಬ್ಯಾಡ." ರತ್ನ ಅವಳ ಪಕ್ಕದ ಮಣೆಯವಳು. ಹಾಗಾದರೆ ಅದೇ ಜಗಲಿಯಲ್ಲಿ ಕೂತ ಹನ್ನೆರಡೂ ಜನಕ್ಕೆ ಗೊತ್ತಿತ್ತು. ಹನ್ನೆರಡೂ ಜನ ನೋಡಿಯೂ ನೋಡದಂತೆ ಇದ್ದರು. ಜಪಾನಿನವರನ್ನು ನಾನು ಸುಮ್ಮನೆ ವಿಚಿತ್ರ ಅಂದುಕೊಂಡಿದ್ದೆ. "ಅಲ್ಲಿ ನಾಕ್ ಜನ ಉಳಿದ್ರು ಅಂದ್ಯಂತಲ್ಲ, ಇಲ್ಲಿ ಹಂಗೇ ಆದ್ರೆ ಆ ನಾಕ್ರಲ್ಲಿ ರತ್ನನ್ ಸೇರ್ಸು. ನಂಗ್ಯಾಕೆ ಇನ್ನು?"

ಮಾರನೆಯ ದಿನವೇ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳ ಗಲ್ಲವನ್ನು ಒಂದು ಪಟ್ಟಿಯ ಮೇಲೆ ಇಡಿಸಿ ಕಣ್ಣಿನೊಳಕ್ಕೆ ಸಣ್ಣ ಬೆಳಕು ಬಿಟ್ಟರು.

"ಕುಯ್ಯದೇನೇ ಒಳಗ್ ನೋಡ್ತಾರಾ?" ಎಂದಳು ಅಲ್ಲಾಡದೆ. "ಅದೇ ಮಿಷನ್ನಾ ಸ್ವಾಮಣ್ಣ ಇದು? ಇಲ್ಲಿಗೂ ತಂದ್ಬುಟ್ಟವ್ರಾ?"

"ಅಲ್ಲ ಜಯಕ್ಕ, ಸುಮ್ನೆ ಕೂತ್ಕೊ."

"ಏನಂತೆ, ಗಂಡಾ ಹೆಣ್ಣಾ?"

ಡಾಕ್ಟರು ನಗು ತಡೆಯಲಾರದೆ ದೀಪ ಆರಿಸಿ, ಎರಡು ಕಣ್ಣಿಗೂ ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಅಂದರು.

ನಾನು ಬರೆದಿಟ್ಟ ಪಟ್ಟಿ ಈಗಲೂ ಡೈರಿಯಲ್ಲಿದೆ. ವಿಮಾನ ಬೀಳಲಿಲ್ಲ. ಭೂಮಿ ಒಂದು ಸಲ ನಡುಗಿತಂತೆ, ನಾನು ನಿದ್ದೆಯಲ್ಲಿದ್ದೆ. ನಂಜುಂಡಿ ಇಂದಿಗೂ ಹಾರೋಹಳ್ಳಿಯಲ್ಲೇ ಇದ್ದಾನೆ. ಹಸಿ ಮೀನನ್ನು ಯಾರೂ ತಿನ್ನಿಸಲಿಲ್ಲ, ನಾನೇ ಕೇಳಿ ಹಾಕಿಸಿಕೊಂಡು ತಿಂದೆ. ಕೆಟ್ಟದ್ದು ಒಂದೇ ಒಂದು: ಕಡಲೆಬೀಜದಷ್ಟು ಒಂದು ಹುಳು, ಇರಬಾರದ ಗೂಡಿನಲ್ಲಿ ಕೂತಿತ್ತು.

ಎರಡನೇ ಕಣ್ಣಿನ ಆಪರೇಷನ್ನೂ ಆಗಿ, ಕಪ್ಪು ಕನ್ನಡಕ ಕಳಚಿದ ವಾರ ಜಯಮ್ಮ ಜಗಲಿಗೆ ಬಂದಳು. ತನ್ನ ಮಣೆಯನ್ನು ಕಿಟಕಿಯಿಂದ ಹಳೆಯ ಜಾಗಕ್ಕೆ ಎಳೆದು ಕೂತು, "ಎಲ್ಲಿ, ಕೊಡು ಅದ್ನ," ಅಂದಳು. ಕಾಗದದ ಪೊಟ್ಟಣ ಕೊಟ್ಟೆ. ಹುಳುವನ್ನು ಬೆರಳ ತುದಿಯಲ್ಲಿ ಹಿಡಿದು, ಬಾಲದ ಕಡೆ ತಿರುಗಿಸಿ, ಬೆಳಕಿಗೆ ಎತ್ತಿ ನೋಡಿದಳು. ರತ್ನ, ಉಳಿದವರು, ನಾನು, ಎಲ್ಲರೂ ಬ್ಲೇಡು ಕೆಳಗಿಟ್ಟು ಕಾದೆವು.

"ಹೆಣ್ಣು ಕಣಪ್ಪ!" ಅಂದಳು. "ಎಷ್ಟ್ ದಪ್ಪಕ್ಕೈತೆ ಗೀರು! ಇದ್ನ ಗಂಡು ಅಂದೋರ್ಯಾರು, ಕಣ್ಣಿರ್ಲಿಲ್ವಾ ಅವ್ರಿಗೆ?"

ಅವಳು ಅದನ್ನು ಹೆಣ್ಣಿನ ತಟ್ಟೆಗೆ ಹಾಕಿ, ಇನ್ನೊಂದು ಗೂಡು ಕೈಗೆತ್ತಿಕೊಂಡಳು.